ಪಟ್ಟಿಯಲ್ಲಿದ್ದ ವಿಮೆ

ನಮ್ಮೂರಿಗೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ. ವಿಜಯಪುರದಲ್ಲಿ ನಳದ ನೀರು ಬರುವ ದಿನ ಇಡೀ ಓಣಿ ಕೊಡ ಹಿಡಿದು ಎದ್ದು ಕೂತಿರುತ್ತದೆ. ಅಂಥ ಊರಿನಲ್ಲಿ ಕೂತು ನಾನು ಹಡಗಿನ ಬಾಡಿಗೆ ಅಂದಾಜು ಮಾಡುತ್ತೇನೆ. ಮದುವೆಗೆ ಮೊದಲು ಮುಂಬೈಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು, ಬಂದರಿನ ಕಾಗದಪತ್ರ ನೋಡಿಕೊಳ್ಳುವ ಒಂದು ಆಫೀಸಿನಲ್ಲಿ ಆರು ವರ್ಷ ದುಡಿದಿದ್ದೆ. ಮದುವೆಯಾಗಿ ಊರಿಗೆ ಬಂದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ ಹಿಡಿದು, ಹೊರದೇಶದಿಂದ ಮಾಲು ತರಿಸುವವರಿಗೆ ಖರ್ಚಿನ ಅಂದಾಜು ಮಾಡಿಕೊಡಲಾಗುವುದು ಎಂದು ಬೋರ್ಡು ಬರೆಸಿದೆ. ಮೊದಲ ಆರು ತಿಂಗಳು ಮೆಟ್ಟಿಲು ಹತ್ತಿ ಬಂದವರೆಲ್ಲ ಆಧಾರ್ ಕಾರ್ಡಿನ ಝೆರಾಕ್ಸ್ ಕೇಳಿದವರೇ.

ಆಮೇಲೆ ನಿಧಾನಕ್ಕೆ ಜನ ಬಂದರು. ತಿಕೋಟಾ, ಬಬಲೇಶ್ವರದ ಕಡೆಯೆಲ್ಲ ದ್ರಾಕ್ಷಿ, ಒಣದ್ರಾಕ್ಷಿ. ಒಬ್ಬರಿಗೆ ಔಷಧಿ ಹೊಡೆಯುವ ಯಂತ್ರ ಬೇಕು, ಇನ್ನೊಬ್ಬರಿಗೆ ದ್ರಾಕ್ಷಿ ಒಣಗಿಸುವ ಮುಂಚೆ ಅದ್ದುವ ಎಣ್ಣೆ ಬೇಕು, ಮತ್ತೊಬ್ಬರಿಗೆ ಕಡ್ಡಿ ತೆಗೆಯುವ ಯಂತ್ರ. ಎಲ್ಲರೂ ಮೊಬೈಲಿನಲ್ಲಿ ಹೊರದೇಶದ ಬೆಲೆ ನೋಡಿ ಹಿಗ್ಗಿ ಬರುತ್ತಿದ್ದರು. ಅಲ್ಲಿಯ ಬೆಲೆ ಬೇರೆ, ಮನೆ ಬಾಗಿಲಿಗೆ ಬಂದು ಬೀಳುವ ಬೆಲೆ ಬೇರೆ ಎಂದು ತಿಳಿಸಿ ಹೇಳುವುದೇ ನನ್ನ ಉದ್ಯೋಗ. ಓಣಿಯಲ್ಲಿ ನನಗೆ ಹಡಗಿನಾಕಿ ಎಂದು ಹೆಸರು ಬಿತ್ತು. ಎದುರಿಗೆ ಅಕ್ಕಾರು ಎನ್ನುತ್ತಿದ್ದರು, ಬೆನ್ನ ಹಿಂದೆ ಹಡಗಿನಾಕಿ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ನನ್ನ ದನಿ ಏರುತ್ತದೆ, ಮೂರನೆಯ ಸಲ ಕೇಳಿದರೆ ಏನು ಬೇಕಾದರೂ ಅಂದುಬಿಡುತ್ತೇನೆ. ಬಬಲೇಶ್ವರದ ಒಬ್ಬ ಯಜಮಾನರು ಔಷಧಿ ಯಂತ್ರಕ್ಕೆಂದು ಬಂದವರು ನನ್ನ ಅಂದಾಜಿನ ಕಾಗದ ಓದಿಸಿಕೊಳ್ಳುತ್ತ ಹಡಗಿನ ಬಾಡಿಗೆಯ ಸಾಲಿಗೆ ಬಂದು ನಿಂತುಬಿಟ್ಟರು.

"ಅಕ್ಕಾರ, ನಮ್ಮ ಕಡಿ ದ್ರಾಕ್ಷಿ ಹಡಗದಾಗ ಅತ್ಲಾಕಡೆ ಹೊಕ್ಕಾವೋ ಇಲ್ಲೋ?" ಎಂದರು.

"ಹೊಕ್ಕಾವ್ರಿ."

"ಹಂಗಾರ ಹೊಳ್ಳಿ ಬರೂ ಮುಂದ ಹಡಗ ಖಾಲಿನ ಬರತೈತಿ. ರಿಟರ್ನ್ ಗಾಡಿ ಬಾಡಿಗಿ ಹಿಡೀರಿ."

ಸೋಲಾಪುರದಲ್ಲಿ ಮಾಲು ಇಳಿಸಿ ಖಾಲಿ ಬರುವ ಲಾರಿಯನ್ನು ಅರ್ಧ ಬಾಡಿಗೆಗೆ ಹಿಡಿದು ರೂಢಿಯಾದವರು ಅವರು. ಹಡಗು ಬೇರೆ, ಲಾರಿ ಬೇರೆ ಎಂದು ಅರ್ಧ ತಾಸು ಹೇಳಿದೆ. ಕೇಳಿಕೊಂಡು ಮತ್ತೆ ಅದನ್ನೇ ಅಂದರು. ತಲೆ ಕೆಟ್ಟು, "ಹಡಗದ ಡ್ರೈವರ್ ನಂಬರ್ ಕೊಡ್ತೇನ್ರಿ, ನೀವ ಮಾತಾಡ್ರಿ" ಎಂದೆ. ಯಜಮಾನರು ಅಂಗಿಯ ಕಿಸೆಯಿಂದ ಫೋನು ತೆಗೆದು, "ಹೇಳ್ರಿ ಮತ್ತ" ಎಂದು ಬೆರಳು ಇಟ್ಟುಕೊಂಡು ಕೂತರು. ಬರುವ ದಿಕ್ಕಿಗೊಂದು ಹೋಗುವ ದಿಕ್ಕಿಗೊಂದು ದರ ಹಡಗಿಗೂ ಇರುತ್ತದೆ, ಅವರ ಮಾತು ಅರ್ಧ ಖರೇನೇ ಇತ್ತು. ಅದನ್ನು ನಾನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ಈ ಜನರ ಸಲುವಾಗಿಯೇ ನಾನೊಂದು ಉಪಾಯ ಮಾಡಿದ್ದೆ. ನಮ್ಮ ಪೇಟೆಯಲ್ಲಿ ಮಾಲು ಮಾರಿದ ಮೇಲೆ ದಲಾಲಿ ಮಾಡುವ ಅಡತಿ ಅಂಗಡಿಯವರು ರೈತರ ಕೈಗೆ ಒಂದು ಪಟ್ಟಿ ಕೊಡುತ್ತಾರೆ. ಒಂದರ ಕೆಳಗೊಂದು ಸಾಲು: ಮಾಲಿನ ತೂಕ, ದರ, ಹಮಾಲಿ, ತೂಕದ ಖರ್ಚು, ಗಾಡಿ ಬಾಡಿಗೆ. ಓದಲು ಬಾರದವರಿಗೂ ಆ ಸಾಲುಗಳು ಗೊತ್ತು. ನನ್ನ ಅಂದಾಜನ್ನೂ ಅದೇ ರೀತಿ ಬರೆದೆ. ಇಂಗ್ಲಿಷು ಇಲ್ಲ, ಡಾಲರು ಇಲ್ಲ. ಮಾಲಿನ ಬೆಲೆ, ಹಡಗಿನ ಬಾಡಿಗೆ, ವಿಮೆ, ಸುಂಕ, ಬಂದರಿನ ಖರ್ಚು, ಲಾರಿ, ಹಮಾಲಿ, ಕೊನೆಗೆ ಒಟ್ಟು. ಜನ ಅದನ್ನು ಹಡಗಿನ ಪಟ್ಟಿ ಎನ್ನತೊಡಗಿದರು. ನನಗೆ ಅದರ ಮೇಲೆ ಬಹಳ ಅಭಿಮಾನವಿತ್ತು, ಬೋರ್ಡಿನ ಮೇಲೆ ಕೂಡ ಬರೆಸಿದೆ.

ಅದರಲ್ಲಿಯ ವಿಮೆಯ ಸಾಲಿನ ವಿಷಯ ಸ್ವಲ್ಪ ಹೇಳಬೇಕು. ಹೊರಗಿನಿಂದ ಬಂದ ಮಾಲಿಗೆ ಸರಕಾರ ಸುಂಕ ಹಾಕುವಾಗ ಬರೀ ಬೆಲೆಯ ಮೇಲೆ ಹಾಕುವುದಿಲ್ಲ. ಬಾಡಿಗೆ, ವಿಮೆ ಎರಡನ್ನೂ ಬೆಲೆಗೆ ಕೂಡಿಸಿ ಅದರ ಮೇಲೆ ಹಾಕುತ್ತದೆ. ಬಾಡಿಗೆಯ ಬಿಲ್ಲು ಇಲ್ಲವೆಂದರೆ ಬೆಲೆಯ ಐದರಲ್ಲೊಂದು ಪಾಲು ಬಾಡಿಗೆ ಎಂದು ಹಿಡಿಯುತ್ತಾರೆ. ವಿಮೆಯ ಕಾಗದ ಇಲ್ಲವೆಂದರೆ ನೂರಕ್ಕೆ ಒಂದು ರೂಪಾಯಿ ಹನ್ನೆರಡೂವರೆ ಪೈಸೆ. ಮಾಲಿಗೆ ವಿಮೆ ಮಾಡಿಸಿದ್ದೀರಾ ಎಂದು ಯಾರೂ ಕೇಳುವುದಿಲ್ಲ, ಮಾಡಿಸಿದ್ದೀರಿ ಎಂದು ತಿಳಿದುಕೊಂಡು ಸುಂಕ ಕಟ್ಟಿಸಿಕೊಳ್ಳುತ್ತಾರೆ. ನನ್ನ ಪಟ್ಟಿಯ ವಿಮೆ ಅಂದರೆ ಇಷ್ಟೇ. ನಿಜವಾದ ವಿಮೆ ಬೇಕೆಂದರೆ ವಿಮಾ ಕಂಪನಿಗೆ ಹೋಗಿ ಬೇರೆ ಪಾಲಿಸಿ ಮಾಡಿಸಬೇಕು. ಅದಕ್ಕೆ ಬಹಳಷ್ಟು ಸಲ ಇಷ್ಟು ಖರ್ಚೂ ಬರುವುದಿಲ್ಲ.

ಆದರೆ ಅಂದಾಜು ಒಪ್ಪಿದವರ ಮಾಲು ತರಿಸಿಕೊಡುವುದೂ ನಾನೇ, ಯಾರಿಗೂ ಕಟ್ಟಬೇಕಿಲ್ಲದ ಆ ಸಾಲಿನ ಹಣವನ್ನೂ ಒಟ್ಟಿನಲ್ಲಿ ಕೂಡಿಸಿಯೇ ಇಸಕೊಳ್ಳುತ್ತಿದ್ದೆ. ಬಂದರಿನಲ್ಲಿ ಒಂದಿಲ್ಲೊಂದು ಖರ್ಚು ಎದ್ದೇ ಏಳುತ್ತದೆ. ಎತ್ತಿದ್ದಕ್ಕೆ ಇಷ್ಟು, ಇಳಿಸಿದ್ದಕ್ಕೆ ಇಷ್ಟು, ಎರಡು ದಿನ ಹೆಚ್ಚು ಇಟ್ಟುಕೊಂಡಿದ್ದಕ್ಕೆ ಇಷ್ಟು. ಆಗ ಆ ಹಣ ಉಪಯೋಗಕ್ಕೆ ಬರುತ್ತಿತ್ತು. ಹಡಗಿನಾಕಿಯ ಅಂದಾಜು ಎಂದೂ ಕಡಿಮೆ ಬೀಳುವುದಿಲ್ಲ ಎಂದು ಪೇಟೆಯಲ್ಲಿ ಹೆಸರಾಗಿತ್ತಲ್ಲ, ಅದರ ಒಳಗುಟ್ಟು ಅದೇ. ದೊಡ್ಡ ವ್ಯಾಪಾರಿಗಳಿಗೆ ಇದೆಲ್ಲ ಗೊತ್ತಿತ್ತು, ಅವರು ತಮ್ಮ ಪಾಲಿಸಿ ತಾವು ಮಾಡಿಸಿಕೊಳ್ಳುತ್ತಿದ್ದರು. ಗೊತ್ತಿಲ್ಲದವರು ಬಂದರೆ ಏನು ಎಂದು ನಾನು ವಿಚಾರ ಮಾಡಿರಲಿಲ್ಲ.

ದೀಪಾವಳಿ ಮುಗಿದ ವಾರದಲ್ಲಿ ಬಿಜ್ಜರಗಿಯಿಂದ ಇಬ್ಬರು ಹೆಂಗಸರು ಬಂದರು. ಒಬ್ಬರಿಗೆ ಐವತ್ತರ ಆಸುಪಾಸು, ಜೊತೆಗೆ ಬಂದಾಕೆ ಅವರನ್ನು ದೊಡ್ಡವ್ವ ಎನ್ನುತ್ತಿದ್ದಳು. ನಾನೂ ಹಾಗೆಯೇ ಕರೆದೆ. ದೊಡ್ಡವ್ವ ಇಪ್ಪತ್ತು ವರ್ಷ ತಿಕೋಟಾದ ಶೆಡ್ಡುಗಳಲ್ಲಿ ಕೂಲಿಗೆ ಒಣದ್ರಾಕ್ಷಿ ಹಸನು ಮಾಡಿದವರು. ಕಡ್ಡಿ ತೆಗೆಯುವುದು, ಕಪ್ಪು ಕಾಳು ಬೇರೆ ಮಾಡುವುದು, ಹಸಿರು ಬೇರೆ, ಹಳದಿ ಬೇರೆ. ಈಗ ಒಂಬತ್ತು ಮಂದಿ ಹೆಂಗಸರು ಕೂಡಿ ತಿಕೋಟಾದಲ್ಲಿ ಅರ್ಧ ಶೆಡ್ಡು ಬಾಡಿಗೆಗೆ ಹಿಡಿದಿದ್ದರು. ವಿಜಯಪುರದ ಒಬ್ಬ ಸಾಹುಕಾರರು ಹೊಸ ಸುಗ್ಗಿಯ ಇನ್ನೂರು ಬಾಕ್ಸ್ ಮಾಲು ಹಸನು ಮಾಡಲು ಕೊಡುತ್ತೇನೆ ಎಂದಿದ್ದರು. ಚೆನ್ನಾಗಿ ಆದರೆ ವರ್ಷವಿಡೀ ಕೆಲಸ. ಕೈಯಿಂದ ಆರಿಸಿದ ಮಾಲು ಒಂದೇ ತರಹ ಇರುವುದಿಲ್ಲ, ಮಷೀನ್ ಇದ್ದರೆ ಬರ್ರಿ ಎಂಬುದು ಅವರ ಕರಾರು. ಹಾಗಾಗಿ ಒಂಬತ್ತೂ ಮಂದಿ ಕೂಡಿಸಿಟ್ಟ ದುಡ್ಡಿನಲ್ಲಿ ಚೀನಾದಿಂದ ಬಣ್ಣ ನೋಡಿ ಕಾಳು ಆರಿಸುವ ಒಂದು ಸಣ್ಣ ಮಷೀನು ತರಿಸಬೇಕೆಂದು ಬಂದಿದ್ದರು.

"ಇದು ಆಗಲಿಲ್ಲಂದ್ರ?" ಎಂದು ಕೇಳಿದೆ.

"ಮೊದಲಿನ ಶೆಡ್ಡಿನ ಮಾಲಕನ ಕಡಿ ಹೊಳ್ಳಿ ಹೋಗೂದ್ರಿ" ಎಂದರು ದೊಡ್ಡವ್ವ. "ಬಿಟ್ಟ ಬರೂ ಮುಂದ ಆತ ಅಂದಾನ, ಹೋಗ್ರಿ ಹೋಗ್ರಿ, ಯುಗಾದಿಗೆ ಹೊಳ್ಳಿ ಬರ್ತೀರಿ ಅಂತ. ಎಲ್ಲಾರ ಮುಂದ ನಕ್ಕೋಂತ ಅಂದಾನ." ಅದನ್ನು ಹೇಳುವಾಗ ಅವರ ಮುಖ ಗಟ್ಟಿಯಾಯಿತು.

ಮಾರುವವರಿಂದ ಪೆಟ್ಟಿಗೆಯ ಅಳತೆ ತರಿಸಿದೆ. ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರಿನಲ್ಲಿ ಬರುವ ಸಣ್ಣ ಮಾಲಿಗೆ ತೂಕವೋ ಗಾತ್ರವೋ, ಯಾವುದು ಹೆಚ್ಚೋ ಅದರ ಮೇಲೆ ಬಾಡಿಗೆ. ನಾನು ಅಳತೆ ಓದಿ ಹೇಳುತ್ತಿದ್ದಂತೆ ದೊಡ್ಡವ್ವ ಎದ್ದು, ಕೋಣೆಯ ನೆಲದ ಮೇಲೆ ಸೀರೆಯ ಸೆರಗಿನಿಂದ ಉದ್ದ ಅಗಲ ಅಳೆದರು. ಶೆಡ್ಡಿನ ಬಾಗಿಲಲ್ಲಿ ಹಿಡಿಯುತ್ತದೋ ಇಲ್ಲವೋ ನೋಡಬೇಕಿತ್ತಂತೆ. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ, ನಾನೂ ಯಾರಿಗೂ ಕೇಳಿರಲಿಲ್ಲ.

ಪಟ್ಟಿ ಬರೆದುಕೊಟ್ಟೆ. ದೊಡ್ಡವ್ವ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳತೊಡಗಿದರು. ಇದು ಯಾರಿಗೆ, ಇದು ಯಾತಕ್ಕೆ. ಬಾಡಿಗೆಯದು ಎರಡು ಸಲ ಆಯಿತು, ಸುಂಕದ್ದು ಮೂರು ಸಲ ಆಯಿತು. ಅಷ್ಟರಲ್ಲಿ ನನ್ನ ಫೋನು ಬೇರೆ ಹೊಡೆದುಕೊಳ್ಳುತ್ತಿತ್ತು.

"ಅಕ್ಕಾರ, ಇದ ವಿಮಾ ಅಂದ್ರ, ಒಡದ್ರ ಮುರದ್ರ ರೊಕ್ಕಾ ಕೊಡ್ತಾರಲ್ಲ, ಅದೇನ್ರಿ?"

"ಹೂಂ, ಅದ" ಎಂದೆ. "ಅದು ಕಡ್ಡಾಯ ಇರತೈತಿ. ಮುಂದಿಂದು ಕೇಳ್ರಿ."

ಫೋನು ಎತ್ತಿಕೊಂಡೆ. ಆ ಹೂಂ ನನ್ನ ಬಾಯಿಂದ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಮರೆತಿದ್ದೇನೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಅವರು ಪಟ್ಟಿಯ ಒಟ್ಟು ಹಣ ಕಟ್ಟಿದರು, ನಾನು ಮಷೀನಿಗೆ ಹೇಳಿದೆ. ಚೀನಾದಿಂದ ಅದು ಹೊರಡುವುದೇ ತಡವಾಯಿತು, ಹಡಗು ದಾರಿಯಲ್ಲಿ ಇನ್ನೊಂದು ಬಂದರಿನಲ್ಲಿ ವಾರ ನಿಂತಿತು. ಸಾಹುಕಾರರ ಮಾಲು ತಿಕೋಟಾದ ಶೆಡ್ಡಿಗೆ ಬಂದು ಬಿದ್ದಾಗಿತ್ತು, ಶನಿವಾರ ಸಿದ್ಧವಿರಬೇಕೆಂದು ಮಾತಾಗಿತ್ತು. ಅಂಥದರಲ್ಲಿ ಸೋಮವಾರ ಬೆಳಿಗ್ಗೆ ಮುಂಬೈ ಲಾರಿ ಬಂದು ಮಷೀನು ಇಳಿಸಿ ಹೋಯಿತು. ಹತ್ತು ಗಂಟೆಗೆ ದೊಡ್ಡವ್ವನ ಫೋನು.

"ಅಕ್ಕಾರ, ಮಷೀನ್ ಬಂತ್ರಿ. ಒಳಗ ಒಡದೈತಿ. ವಿಮಾದವರಿಗೆ ಹೇಳ್ರಿ, ಲಗೂನ ಬರ್ರಿ ಅಂತ."

ದನಿಯಲ್ಲಿ ಒಂದಿಷ್ಟೂ ಗಾಬರಿ ಇರಲಿಲ್ಲ. ವಿಮೆ ಇದೆಯಲ್ಲ ಎಂಬ ಧೈರ್ಯ. ನೋಡ್ತೇನ್ರಿ ಎಂದು ಫೋನಿಟ್ಟೆ. ಪಾಲಿಸಿ ಇಲ್ಲವೆಂದು ಗೊತ್ತಿದ್ದೂ ಅವರ ಫೈಲನ್ನು ಎರಡು ಸಲ ತಿರುವಿ ಹಾಕಿದೆ. ಆ ಹಣ ಎಲ್ಲಿ ಹೋಗಿತ್ತು ಎಂಬುದೂ ಅದೇ ಫೈಲಿನಲ್ಲಿತ್ತು, ಬಂದರಿನಲ್ಲಿ ಪೆಟ್ಟಿಗೆ ನಾಲ್ಕು ದಿನ ಹೆಚ್ಚಿಗೆ ಕೂತಿದ್ದಕ್ಕೆ.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲವೆಂದಲ್ಲ. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಕೇವಲ ಅಂದಾಜು ಎಂದು ಅಚ್ಚು ಹಾಕಿಸಿದ್ದೆ. ವಿಮಾ ಕಂಪನಿಯವರು ಒಪ್ಪಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೂ ಆಗುತ್ತಿತ್ತು, ಆ ಹೆಂಗಸರು ಯಾರನ್ನು ಹೋಗಿ ಕೇಳಬೇಕಿತ್ತು? ಇದೆಲ್ಲ ನನ್ನ ತಲೆಯಲ್ಲಿ ಬಂದು ಹೋಯಿತು, ಸಂಜೆವರೆಗೂ ಬಂದು ಹೋಗುತ್ತಲೇ ಇತ್ತು. ಮಂಗಳವಾರ ಬೆಳಿಗ್ಗೆ ಆಫೀಸಿಗೆ ಬೀಗ ಹಾಕಿ ತಿಕೋಟಾದ ಬಸ್ಸು ಹತ್ತಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ, ಬಸ್ಸು ಇಳಿಯುವಷ್ಟರಲ್ಲಿ ಒಂದು ಮಾತೂ ನೆನಪಿರಲಿಲ್ಲ.

ಶೆಡ್ಡಿನಲ್ಲಿ ಮಷೀನಿನ ಸುತ್ತ ಒಂಬತ್ತು ಮಂದಿಯೂ ನಿಂತಿದ್ದರು. ಕಾಳು ಜಾರುವ ತಗಡು ಡೊಂಕಾಗಿತ್ತು, ಗಾಜು ಒಡೆದು ಚೂರಾಗಿತ್ತು, ಬಣ್ಣ ನೋಡುವ ಕ್ಯಾಮೆರಾ ಒಂದೇ ವೈರಿಗೆ ಜೋತಾಡುತ್ತಿತ್ತು. ಎಲ್ಲಿ ಬಿದ್ದಿತ್ತೋ ಯಾರಿಗೂ ಗೊತ್ತಿಲ್ಲ.

"ವಿಮಾದವರು ಹಿಂದ ಬರಾಕತ್ತಾರೇನ್ರಿ?" ಎಂದರು ದೊಡ್ಡವ್ವ, ನನ್ನ ಹಿಂದೆ ಬಾಗಿಲ ಕಡೆ ನೋಡುತ್ತ.

"ಯಾರೂ ಬರಂಗಿಲ್ಲ, ದೊಡ್ಡವ್ವಾರ. ವಿಮಾ ಇಲ್ಲ. ನಾ ಮಾಡಿಸೇ ಇಲ್ಲ. ಪಟ್ಟಿಯೊಳಗ ಬರದದ್ದು ಬರೇ ಸುಂಕದ ಲೆಕ್ಕಕ್ಕ."

ಮೊದಲ ದಿನ ದೊಡ್ಡವ್ವನ ಜೊತೆ ನನ್ನ ಆಫೀಸಿಗೆ ಬಂದಿದ್ದಾಕೆ ಕೇಳಿದಳು, "ಮತ್ತ ರೊಕ್ಕಾ ಇಸಗೊಂಡ್ರೆಲ್ಲ?"

"ಇಸಗೊಂಡೆ. ಬಂದರದಾಗ ಖರ್ಚಾತು."

"ಪಟ್ಟಿಯೊಳಗ ಹಮಾಲಿ ಅಂತ ಬರದ್ರ ಹಮಾಲ ಹೊತ್ತಿರತಾನ್ರಿ" ಎಂದಳು ಆಕೆ. "ಹೊರಲಾರದ ಯಾರೂ ಬರಿಯಂಗಿಲ್ಲ." ಅವಳು ಜಗಳಕ್ಕೆ ಅಂದದ್ದಲ್ಲ, ತನಗೆ ಗೊತ್ತಿದ್ದನ್ನು ಹೇಳಿದಳು. ಪೇಟೆಯ ಪಟ್ಟಿಯಲ್ಲಿ ಸಾಲು ಬಿತ್ತೆಂದರೆ ಕೆಲಸ ಆಗಿದೆ ಎಂದೇ ಅರ್ಥ, ಅವರು ಹುಟ್ಟಿದಾಗಿನಿಂದ ಕಂಡದ್ದು ಅದೇ. ಆ ಪಟ್ಟಿಯ ವೇಷ ಹಾಕಿ ನನ್ನ ಕಾಗದ ಬರೆದದ್ದು ನಾನು. ಅದೇ ನನ್ನ ಜಾಣತನ ಎಂದುಕೊಂಡು ಹಡಗಿನ ಪಟ್ಟಿಯ ಹೆಸರನ್ನು ಬೋರ್ಡಿನ ಮೇಲೆ ಬೇರೆ ಬರೆಸಿದ್ದೆ.

ದೊಡ್ಡವ್ವ ಜೋತಾಡುತ್ತಿದ್ದ ಕ್ಯಾಮೆರಾವನ್ನು ಎತ್ತಿ ತಗಡಿನ ಮೇಲಿಟ್ಟರು. "ನಾ ಕೇಳಿದ್ನೆಲ್ರಿ ಅಕ್ಕಾರ" ಎಂದರು. "ಬೆರಳ ಇಟ್ಟ ಕೇಳಿದ್ದೆ."

"ಕೇಳಿದ್ರಿ. ತಪ್ಪು ನಂದು. ಗಾಜು, ಕ್ಯಾಮೆರಾ, ತಗಡು ಎಲ್ಲಾ ನನ್ನ ಖರ್ಚಿನ್ಯಾಗ ತರಿಸಿ ಕೊಡ್ತೇನ್ರಿ. ಮೂರು ವಾರ ಹಿಡೀತೈತಿ."

"ಖರ್ಚಿಂದು ಆಮ್ಯಾಲ ನೋಡೂಣು. ಶನಿವಾರ ಏನ ಮಾಡೂದು, ಅದನ್ನ ಹೇಳ್ರಿ."

ಇದು ನನಗೆ ಗೊತ್ತಿರಲಿಲ್ಲ. ಜನ ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಟ್ಟೇ ಹೊಟ್ಟೆ ಹೊರೆದವಳು ನಾನು. ಗೊತ್ತಿಲ್ರಿ ಎಂದೆ.

ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮಷೀನಿನ ಮೇಲೆ ತಾಡಪತ್ರಿ ಹೊದಿಸಿ ಮೂಲೆಗೆ ತಳ್ಳಿಸಿದರು. ಯಾರ ಯಾರ ಮನೆಯಲ್ಲಿ ಹಸನು ಮಾಡಲು ಬರುವವರಿದ್ದಾರೋ ಎಲ್ಲರನ್ನೂ ಕರೆಯಿರಿ ಎಂದರು. ನಿಡೋಣಿಗೆ ಕೊಟ್ಟ ಮಗಳಿಗೆ ತಾವೇ ಫೋನು ಹಚ್ಚಿದರು. "ಲೇ, ನಾಕ ಮಂದಿನ್ನ ಕರಕೊಂಡು ಇವತ್ತ ಬಾ. ಯಾಕಂತ ಕೇಳಬ್ಯಾಡ." ಫೋನಿಟ್ಟು ನನ್ನ ಕಡೆ ತಿರುಗಿದರು. ನಾನು ಇನ್ನೂ ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದೆ.

"ನೀವೂ ಕುಂಡ್ರಿ" ಎಂದು ಒಂದು ಟ್ರೇ ನನ್ನ ಮುಂದೆ ಸರಿಸಿದರು.

ಮಂಗಳವಾರದಿಂದ ಶನಿವಾರದವರೆಗೆ ನಾನು ದಿನಾ ಮೊದಲ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಅವರ ಕೈ ನೋಡುವಂತಿತ್ತು. ದೊಡ್ಡವ್ವ ಪಕ್ಕದವಳ ಜೊತೆ ಸೊಸೆಯ ಸುದ್ದಿ ಮಾತಾಡುತ್ತ, ಟ್ರೇ ಕಡೆ ಅರೆಗಣ್ಣು ಇಟ್ಟು, ಎರಡೂ ಕೈಯಿಂದ ಆರಿಸುತ್ತಿದ್ದರು. ಕಪ್ಪು ಎಡಕ್ಕೆ, ಕಡ್ಡಿ ಮಡಿಲಿಗೆ, ಹಳದಿ ಮುಂದಕ್ಕೆ. ಅವರು ಮೂರು ಟ್ರೇ ಮುಗಿಸುವಷ್ಟರಲ್ಲಿ ನನ್ನದು ಅರ್ಧವೂ ಆಗಿರುತ್ತಿರಲಿಲ್ಲ. ಆ ಅರ್ಧವನ್ನೂ ಇನ್ನೊಬ್ಬಳು ಮತ್ತೆ ಆರಿಸುತ್ತಿದ್ದಳು. ಬೆನ್ನು ಹಿಡಿದುಕೊಂಡಿತು, ಬೆರಳು ಅಂಟಂಟಾಗಿ ಒಂದಕ್ಕೊಂದು ಹತ್ತಿಕೊಂಡವು.

"ಅಕ್ಕಾರ, ಹಣ್ಣ ನೋಡ್ರಿ, ಹಡಗ ನೋಡಬ್ಯಾಡ್ರಿ" ಎಂದು ನಿಡೋಣಿಯಿಂದ ಬಂದ ಮಗಳು ಅಂದಳು. ಎಲ್ಲರೂ ನಕ್ಕರು, ಎರಡು ದಿನದ ನಂತರ ಮೊದಲನೆಯ ಸಲ ನಾನೂ ನಕ್ಕೆ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಯಾರದೋ ಮನೆಯ ಬದನೆಕಾಯಿ ಪಲ್ಯ. ನನ್ನ ಡಬ್ಬಿಯ ಚಪಾತಿ ನೋಡಿ ಇದರಿಂದ ಏನ ಕಸುವ ಬರತೈತಿ ಎಂದು ನನ್ನ ಕೈಯಲ್ಲಿ ಎರಡು ರೊಟ್ಟಿ ಇಟ್ಟರು. ವಿಮೆಯ ಬಗ್ಗೆ ಸಿಟ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ಎತ್ತುತ್ತಾರೆ ಎಂದು ನಾನು ದಿನಾ ಕಾಯುತ್ತಿದ್ದೆ.

ಶುಕ್ರವಾರ ಸಂಜೆ ಇನ್ನೂ ಮೂವತ್ತು ಬಾಕ್ಸ್ ಉಳಿದಿದ್ದವು. ಮುಗಿಯುವುದಿಲ್ಲ ಎಂದು ನನ್ನ ಅಂದಾಜು. ಅದನ್ನು ಯಾರೂ ಕೇಳಿರಲಿಲ್ಲ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ಬಾಕ್ಸಿಗೆ ಟೇಪು ಹಚ್ಚಿದರು. ಮೂರಕ್ಕೆ ಸಾಹುಕಾರರ ಗಾಡಿ ಬಂದು ನಿಂತಿತು.

ಸಾಹುಕಾರರು ಅಲ್ಲೊಂದು ಇಲ್ಲೊಂದು ಆರಿಸಿ ಹತ್ತು ಬಾಕ್ಸ್ ಬಿಚ್ಚಿಸಿದರು. ಬಿಳಿ ಬಟ್ಟೆಯ ಮೇಲೆ ಸುರಿಸಿ, ಕನ್ನಡಕ ಏರಿಸಿ, ಕೈಯಾಡಿಸಿ ನೋಡಿದರು. ಹದಿನಾಲ್ಕು ಹೆಂಗಸರು ಗೋಡೆಗೆ ಆತು ನಿಂತಿದ್ದರು. ನಾನು ದೊಡ್ಡವ್ವನ ಕಾಲ ಬಳಿ ನೆಲದ ಮೇಲೆ ಒಂದು ಖಾಲಿ ಟ್ರೇ ಮುಂದಿಟ್ಟುಕೊಂಡು ಕೂತಿದ್ದೆ. ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡು ಸಾಹುಕಾರರು ತಲೆ ಆಡಿಸಿದರು.

"ಇದಕ್ಕ ನೋಡ್ರಿ ನಾ ಮಷೀನ್ ಬೇಕಂದಿದ್ದು" ಎಂದರು. "ಎಲ್ಲಾ ಒಂದ ನಮೂನಿ ಅದಾವ. ಕೈ ಮಾಲ ಹಿಂಗ ಬರಂಗಿಲ್ಲ. ಸೋಮವಾರ ಮತ್ತ ಇನ್ನೂರ ಬಾಕ್ಸ್ ಕಳಸ್ತೇನಿ. ಅಲ್ಲಾ, ಮಷೀನ್ ಯಾಕ ಮುಚ್ಚಿಟ್ಟೀರಿ?"

"ಧೂಳ ಕುಂದ್ರತೈತ್ರಿ" ಎಂದರು ದೊಡ್ಡವ್ವ.

ಮಷೀನು ಒಡೆದಿದೆ, ಇದೆಲ್ಲ ಕೈ ಮಾಲೇ ಎಂದು ಹೇಳಲು ನಾನು ಬಾಯಿ ತೆರೆದೆ. ದೊಡ್ಡವ್ವ ಕಾಲಿನಿಂದ ನನ್ನ ಟ್ರೇಯನ್ನು ಮೆಲ್ಲಗೆ ಒತ್ತಿದರು, ಸುಮ್ಮನಾದೆ.

"ಯಾರ ತರಿಸಿಕೊಟ್ರು ಮಷೀನಾ? ನಮ್ಮ ಗೋದಾಮಕ್ಕೂ ಒಂದು ತರಸಬೇಕಾಗೈತಿ" ಎಂದರು ಸಾಹುಕಾರರು.

"ಇವರ್ರಿ, ನಮ್ಮ ಅಕ್ಕಾರು" ಎಂದು ದೊಡ್ಡವ್ವ ನನ್ನ ಕಡೆ ಕೈ ಮಾಡಿದರು. "ಛಲೋ ಹೆಣ್ಣಮಗಳು. ಏನ ಕೇಳಿದ್ರೂ ಸಮಾಧಾನದಿಂದ ತಿಳಿಸಿ ಹೇಳ್ತಾರ."

ಆ ದನಿಯಲ್ಲಿ ಕುಹಕ ಹುಡುಕಿದೆ, ಸಿಗಲಿಲ್ಲ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಸಾಹುಕಾರರು ಫೋನು ಹಿಡಿದು ನನ್ನ ನಂಬರು ಕೇಳಿದರು, ಅಂಟು ಕೈ ಸೀರೆಗೆ ಒರೆಸಿಕೊಂಡು ಹೇಳಿದೆ. ಗಾಡಿ ತುಂಬಿ ಹೋಗುವವರೆಗೂ ದೊಡ್ಡವ್ವನ ಮುಖ ನೋಡಲು ನನಗೆ ಆಗಲಿಲ್ಲ. ಅವರು ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.